ಬ್ರೈಟನ್ನಿನ ಕೊನೆಯ ಸ್ಕ್ರಮ್: 2015ರಲ್ಲಿ ಜಪಾನ್ ದಕ್ಷಿಣ ಆಫ್ರಿಕಾವನ್ನು ಮಣಿಸಿದ ಪ್ರಕರಣ

2015ರ ಸೆಪ್ಟೆಂಬರ್ 19ರ ಸಂಜೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ಬ್ರೈಟನ್ನಿನ ಕ್ರೀಡಾಂಗಣದಲ್ಲಿ ರಗ್ಬಿ ವಿಶ್ವಕಪ್‌ನ ಬಿ ಗುಂಪಿನ ಪಂದ್ಯವೊಂದು ಮುಗಿಯುವ ಹಂತಕ್ಕೆ ಬಂದಿತ್ತು. ಫಲಕದ ಮೇಲೆ ದಕ್ಷಿಣ ಆಫ್ರಿಕಾ 32, ಜಪಾನ್ 29 ಎಂದಿತ್ತು. ಆ ಹೊತ್ತಿನಲ್ಲಿ ಎದುರಾಳಿಯ ಗೋಲ್ ಗೆರೆಯ ಸಮೀಪದಲ್ಲೇ ಜಪಾನಿಗೆ ಒಂದು ಪೆನಾಲ್ಟಿ ಸಿಕ್ಕಿತು. ಚೆಂಡನ್ನು ನೆಲಕ್ಕಿಟ್ಟು ಕಂಬಗಳ ನಡುವೆ ಒದ್ದರೆ ಮೂರು ಅಂಕ ಬಂದು ಪಂದ್ಯ ಡ್ರಾ ಆಗುತ್ತಿತ್ತು. ಒದೆಯುವುದನ್ನು ಬಿಟ್ಟು ಸ್ಕ್ರಮ್ ಕೇಳಿದರೆ, ಅಂದರೆ ಎರಡೂ ಕಡೆಯ ಮುಂಪಡೆಯವರು ತೋಳಿಗೆ ತೋಳು ಹೆಣೆದು, ತಲೆಬಾಗಿಸಿ ಒಬ್ಬರನ್ನೊಬ್ಬರು ತಳ್ಳುವ ಕಾದಾಟವನ್ನು ಆರಿಸಿಕೊಂಡರೆ, ಟ್ರೈ ಗಳಿಸಿ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿದರೆ ಐದು ಅಂಕ) ಗೆಲ್ಲುವ ಅವಕಾಶವಿತ್ತು. ಚೆಂಡು ಒಮ್ಮೆ ಕೈಜಾರಿದರೆ ಸೋಲು ಖಚಿತವಾಗಿತ್ತು. ನಾಯಕ ಮೈಕಲ್ ಲೀಚ್ ಸ್ಕ್ರಮ್ ಕೇಳಿದರು. ಮೇಲೆ ಕುಳಿತಿದ್ದ ಕೋಚ್ ಎಡ್ಡಿ ಜೋನ್ಸ್ ಮೂರು ಅಂಕ ತೆಗೆದುಕೊಳ್ಳಿ ಎಂದು ವಾಕಿಟಾಕಿಯಲ್ಲಿ ಕೂಗಿಕೊಂಡಿದ್ದನ್ನೂ, ತಮ್ಮ ಮಾತು ನಡೆಯಲಿಲ್ಲವೆಂಬ ಸಿಟ್ಟಿನಲ್ಲಿ ಅದನ್ನು ಒಡೆದುಹಾಕಿದ್ದನ್ನೂ ನಂತರದ ವರ್ಷಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ.

ಈ ಪಂದ್ಯವನ್ನು ಜಪಾನಿನಲ್ಲೂ ಹೊರಗೂ ‘ಬ್ರೈಟನ್ನಿನ ಪವಾಡ’ ಎಂದು ಕರೆಯುವ ರೂಢಿ ಬಿದ್ದಿದೆ. ಹಾಗೆ ಕರೆದ ಮೇಲೆ ಕಾರಣ ಹುಡುಕುವ ತೊಂದರೆ ಉಳಿಯುವುದಿಲ್ಲವಾದ್ದರಿಂದ ಆ ಹೆಸರು ಬಹಳ ಅನುಕೂಲಕರವೂ ಹೌದು. ಈ ಬರಹ ಅದನ್ನು ಬದಿಗಿಟ್ಟು, ಮೂರು ಅಂಕಗಳ ಕುರಿತು ಎರಡು ತಂಡಗಳು ಹತ್ತು ಹನ್ನೆರಡು ನಿಮಿಷಗಳ ಅಂತರದಲ್ಲಿ ಕೈಗೊಂಡ ಎರಡು ತೀರ್ಮಾನಗಳನ್ನೂ, ಕೋಚಿನ ಮಾತನ್ನು ಮೀರುವ ಧೈರ್ಯ ಒಬ್ಬ ನಾಯಕನಿಗೆ ಬಂದ ಬಗೆಯನ್ನೂ ನೋಡುತ್ತದೆ.

ಹಿನ್ನೆಲೆ

ಆ ದಿನದವರೆಗಿನ ಲೆಕ್ಕ ಹೀಗಿತ್ತು. ವಿಶ್ವಕಪ್ ಆರಂಭವಾದ 1987ರಿಂದ 2011ರವರೆಗೆ ಜಪಾನ್ ಒಂದು ಆವೃತ್ತಿಯನ್ನೂ ತಪ್ಪಿಸದೆ ಆಡಿತ್ತು. ಒಟ್ಟು 24 ಪಂದ್ಯಗಳಲ್ಲಿ ಗೆದ್ದದ್ದು ಒಂದನ್ನು ಮಾತ್ರ, ಅದೂ 1991ರಲ್ಲಿ ಜಿಂಬಾಬ್ವೆಯ ವಿರುದ್ಧ. ಕೆನಡಾದೊಂದಿಗೆ 2007ರಲ್ಲಿ ಮತ್ತು 2011ರಲ್ಲಿ ಆದ ಎರಡು ಡ್ರಾಗಳನ್ನು ಬಿಟ್ಟರೆ ಉಳಿದ 21 ಪಂದ್ಯಗಳೂ ಸೋಲು. ಅವುಗಳಲ್ಲಿ 1995ರ ಜೂನ್ 4ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ ನ್ಯೂಜಿಲೆಂಡ್ ಎದುರು 145-17ರಿಂದ ಸೋತದ್ದು ಜಪಾನಿನ ರಗ್ಬಿಗೆ ಇಪ್ಪತ್ತು ವರ್ಷ ಅಂಟಿಕೊಂಡ ಅವಮಾನವಾಗಿತ್ತು. ದಕ್ಷಿಣ ಆಫ್ರಿಕಾ ಅದೇ 1995ರಲ್ಲಿ ತನ್ನ ನೆಲದಲ್ಲಿಯೂ 2007ರಲ್ಲಿ ಫ್ರಾನ್ಸ್‌ನಲ್ಲಿಯೂ ವಿಶ್ವಕಪ್ ಎತ್ತಿದ ತಂಡ. ಎರಡೂ ದೇಶಗಳು ಅದುವರೆಗೆ ಒಮ್ಮೆಯೂ ಎದುರುಬದುರಾಗಿರಲಿಲ್ಲ.

ರಗ್ಬಿಯಲ್ಲಿ ಇಂಥ ಏರುಪೇರು ಅಪರೂಪವೇಕೆ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಕನ್ನಡದ ಓದುಗರಲ್ಲಿ ಹೆಚ್ಚಿನವರಿಗೆ ಈ ಆಟ ದೂರದ ನಂಟು. ಫುಟ್‌ಬಾಲ್‌ನಲ್ಲಿ ದುರ್ಬಲ ತಂಡ ತೊಂಬತ್ತು ನಿಮಿಷ ಗೋಡೆಯಂತೆ ನಿಂತು ಒಂದು ಗೋಲಿನಿಂದ ಗೆದ್ದುಬಿಡಬಹುದು. ಕ್ರಿಕೆಟ್‌ನಲ್ಲಿ 1983ರ ಫೈನಲ್‌ನಂತೆ ಒಂದು ಕ್ಯಾಚು, ಒಂದಿಷ್ಟು ಸ್ವಿಂಗ್ ಸೇರಿ ವೆಸ್ಟ್ ಇಂಡೀಸಿನಂಥ ತಂಡವನ್ನೂ 140ಕ್ಕೆ ಉರುಳಿಸಬಹುದು. ರಗ್ಬಿಯಲ್ಲಿ ಹದಿನೈದು ಜನ ಹದಿನೈದು ಜನರಿಗೆ ಎಂಬತ್ತು ನಿಮಿಷ ಮೈಯಿಂದ ಮೈಗೆ ಗುದ್ದುತ್ತಲೇ ಇರುತ್ತಾರೆ. ತೂಕದಲ್ಲಿ, ಎತ್ತರದಲ್ಲಿ, ಬಲದಲ್ಲಿ ಮೇಲಾದ ತಂಡ ಮೊದಲ ಇಪ್ಪತ್ತು ನಿಮಿಷ ತಡವರಿಸಿದರೂ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಎದುರಾಳಿಯನ್ನು ಅರೆದು ಹಿಟ್ಟು ಮಾಡುತ್ತದೆ. ಹಾಗಾಗಿ ಜಪಾನ್ ಗೆಲ್ಲಬೇಕಿದ್ದರೆ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಎದುರಾಳಿಗಿಂತ ಹೆಚ್ಚು ಓಡಬಲ್ಲ ತಂಡವಾಗಬೇಕಿತ್ತು. ಜೋನ್ಸ್ ಹಾಕಿದ ಯೋಜನೆಯ ಬುಡದಲ್ಲಿದ್ದದ್ದು ಈ ಒಂದು ಸಂಗತಿ.

ನಾಲ್ಕು ವರ್ಷಗಳ ತಯಾರಿ

ಎಡ್ಡಿ ಜೋನ್ಸ್ ಆಸ್ಟ್ರೇಲಿಯಾದವರು, ತಾಯಿಯ ಕಡೆಯಿಂದ ಜಪಾನಿ ಮೂಲದವರು. 2003ರಲ್ಲಿ ಆಸ್ಟ್ರೇಲಿಯಾವನ್ನು ವಿಶ್ವಕಪ್ ಫೈನಲ್‌ಗೆ ಕರೆದೊಯ್ದಿದ್ದರು. ಇನ್ನೂ ಮುಖ್ಯವಾದ ವಿಷಯವೆಂದರೆ, 2007ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವಕಪ್ ಗೆದ್ದಾಗ ಅದೇ ತಂಡದ ಸಲಹೆಗಾರರಾಗಿದ್ದರು. ಆ ತಂಡ ಹೇಗೆ ಯೋಚಿಸುತ್ತದೆ, ಒತ್ತಡ ಬಂದಾಗ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಒಳಗಿನಿಂದ ಕಂಡಿದ್ದ ವ್ಯಕ್ತಿ 2012ರಲ್ಲಿ ಜಪಾನಿನ ಕೋಚ್ ಆದರು.

ಅವರು ಬಂದ ಮೇಲೆ ಮೊದಲು ಬದಲಾದದ್ದು ದಿನಚರಿ. ಮಿಯಾಝಾಕಿಯ ಶಿಬಿರಗಳಲ್ಲಿ ಬೆಳಗಿನ ಜಾವ ಐದು ಗಂಟೆಗೆ ಮೊದಲ ಅಭ್ಯಾಸ ಶುರುವಾಗುತ್ತಿತ್ತು. ದಿನಕ್ಕೆ ಮೂರು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಸುತ್ತಿನ ಕಸರತ್ತು ನಡೆಯುತ್ತಿತ್ತು. ಆಟಗಾರರು ಜೋನ್ಸ್ ಅವರನ್ನು ಪ್ರೀತಿಸಿದರೆಂದು ಹೇಳಲು ಯಾರೂ ಹೋಗಿಲ್ಲ. 2013ರ ಅಕ್ಟೋಬರಿನಲ್ಲಿ ಅವರಿಗೇ ಪಾರ್ಶ್ವವಾಯು ಬಡಿದು ಕೆಲಕಾಲ ಹೊರಗುಳಿಯಬೇಕಾಯಿತು. ಅದಕ್ಕೆ ನಾಲ್ಕು ತಿಂಗಳ ಮೊದಲು, ಜೂನ್‌ನಲ್ಲಿ, ಟೋಕಿಯೋದಲ್ಲಿ ಜಪಾನ್ ವೇಲ್ಸ್ ತಂಡವನ್ನು 23-8ರಿಂದ ಸೋಲಿಸಿತ್ತು. ವೇಲ್ಸಿನ ಪ್ರಮುಖರು ಹಲವರು ಬೇರೆ ಪ್ರವಾಸದಲ್ಲಿದ್ದುದರಿಂದ ಹೊರಗಿನವರು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದೇಹದ ಅಳತೆಯಲ್ಲಿ ಹಿಂದಿರುವ ತಂಡ ತನ್ನ ಕುಳ್ಳುತನವನ್ನೇ ಅನುಕೂಲ ಮಾಡಿಕೊಳ್ಳಬೇಕೆಂಬುದು ಉಳಿದ ತಯಾರಿಯ ದಿಕ್ಕಾಗಿತ್ತು. ಸ್ಕ್ರಮ್ ಕಲಿಸಲು ಫ್ರಾನ್ಸಿನ ಮಾಜಿ ಹುಕರ್ (ಸ್ಕ್ರಮ್‌ನ ಮುಂಸಾಲಿನ ನಡುವೆ ನಿಲ್ಲುವ ಆಟಗಾರ) ಮಾರ್ಕ್ ದಾಲ್ ಮಾಸೊ ಬಂದರು. ಎಂಟು ಜನರೂ ಎದುರಾಳಿಗಿಂತ ತಗ್ಗಿ, ಒಟ್ಟಾಗಿ, ಒಂದೇ ಕ್ಷಣಕ್ಕೆ ತಳ್ಳಿದರೆ ತೂಕದ ಅಂತರ ಕರಗುತ್ತದೆ ಎಂಬುದು ಅವರ ಪಾಠದ ತಿರುಳು. ಅಂಗಳದಾಚೆ ಹೋದ ಚೆಂಡನ್ನು ಎರಡೂ ತಂಡಗಳ ಸಾಲುಗಳ ನಡುವೆ ಎಸೆದು ಆಟ ಮುಂದುವರಿಸುವ ಲೈನ್‌ಔಟ್ ನೋಡಿಕೊಳ್ಳಲು ಇಂಗ್ಲೆಂಡಿನ ಮಾಜಿ ನಾಯಕ ಸ್ಟೀವ್ ಬಾರ್ಥ್‌ವಿಕ್ ಇದ್ದರು. ಎರಡು ಮೀಟರ್ ಮೀರಿದ ದಕ್ಷಿಣ ಆಫ್ರಿಕಾದ ವಿಕ್ಟರ್ ಮ್ಯಾಟ್‌ಫೀಲ್ಡ್, ಲೋಡ್ ಡಿ ಯಾಗರ್ ಅಂಥವರ ಎದುರು ಎತ್ತರದಿಂದ ಚೆಂಡು ಹಿಡಿಯುವುದು ಸಾಧ್ಯವಿಲ್ಲದ್ದರಿಂದ ಅವರು ವೇಗಕ್ಕೂ ಸಮಯಸಾಧನೆಗೂ ಒತ್ತು ಕೊಟ್ಟರು. ಟ್ಯಾಕಲ್ ಕಲಿಸಲು ಮಿಶ್ರ ಸಮರಕಲೆಯ ಹೋರಾಟಗಾರ ತ್ಸುಯೋಶಿ ಕೊಸಾಕಾ ಅವರನ್ನು ಕರೆಸಿದ್ದು ರಗ್ಬಿ ವಲಯಕ್ಕೆ ವಿಚಿತ್ರವಾಗಿ ಕಂಡಿರಬಹುದು, ಆದರೆ ಕಬಡ್ಡಿ ನೋಡಿ ಬೆಳೆದವರಿಗೆ ಅದರ ತರ್ಕ ಬಿಡಿಸಿ ಹೇಳಬೇಕಿಲ್ಲ. ದಪ್ಪ ಮೈಕಟ್ಟಿನ ರೈಡರ್‌ನನ್ನು ಎದೆಗೆ ಎದೆ ಕೊಟ್ಟು ತಡೆಯಲು ಹೋದವನು ಗೆರೆಯ ತನಕ ಎಳೆಸಿಕೊಂಡು ಹೋಗುತ್ತಾನೆ. ಕಣಕಾಲಿಗೆ ಬಿದ್ದವನು ಅಲ್ಲೇ ಕೆಡವುತ್ತಾನೆ. ಬ್ರೈಟನ್ನಿನಲ್ಲಿ ಜಪಾನಿನ ಆಟಗಾರರು ಮೇಲಿಂದ ಮೇಲೆ ಮೊಣಕಾಲಿನ ಮಟ್ಟಕ್ಕೆ ಹಾರಿ ಬಿದ್ದದ್ದು ಈ ಪಾಠದ ಫಲ.

ಇನ್ನೊಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಫುಲ್‌ಬ್ಯಾಕ್ ಅಯುಮು ಗೊರೊಮಾರು ಪ್ರತಿ ಒದೆತಕ್ಕೆ ಮೊದಲು ಚೆಂಡನ್ನು ಇಟ್ಟು, ಎಣಿಸಿದ ಹೆಜ್ಜೆಗಳಷ್ಟು ಹಿಂದೆ ಸರಿದು, ಸ್ವಲ್ಪ ಮುಂದಕ್ಕೆ ಬಾಗಿ, ಎರಡೂ ಕೈಗಳನ್ನು ಎದೆಯ ಮುಂದೆ ಜೋಡಿಸಿ ತೋರುಬೆರಳುಗಳನ್ನು ಮೇಲಕ್ಕೆ ಚಾಚಿ ನಿಲ್ಲುತ್ತಿದ್ದರು. ನೋಡಿದವರಿಗೆ ಪ್ರಾರ್ಥನೆಯಂತೆ ಕಾಣುತ್ತಿತ್ತು. ಅದು ಪ್ರಾರ್ಥನೆಯಾಗಿರಲಿಲ್ಲ; ತಂಡದ ಮನಃಶಾಸ್ತ್ರಜ್ಞೆ ಕಾವೊರಿ ಅರಾಕಿ ಅವರ ಜೊತೆ ಕೂತು, ಮೂವತ್ತು ಸಾವಿರ ಜನರ ಗದ್ದಲದಲ್ಲೂ ಅಭ್ಯಾಸದ ಅಂಗಳದಲ್ಲೂ ಮೈಮನಸ್ಸು ಒಂದೇ ಜಾಡಿನಲ್ಲಿ ಸಾಗುವಂತೆ ಕಟ್ಟಿಕೊಂಡ ಕ್ರಮವಾಗಿತ್ತು. ಕೆಲವೇ ವಾರಗಳಲ್ಲಿ ಜಪಾನಿನ ಶಾಲಾ ಮಕ್ಕಳೆಲ್ಲ ಆ ಭಂಗಿಯನ್ನು ಅನುಕರಿಸತೊಡಗಿದರು.

ಪಂದ್ಯ

ದಕ್ಷಿಣ ಆಫ್ರಿಕಾ ಹಗುರವಾದ ತಂಡವನ್ನು ಇಳಿಸಿತ್ತು ಎನ್ನುವ ಮಾತು ಆಗಾಗ ಕೇಳಿಬರುತ್ತದೆ, ಅದು ಸುಳ್ಳು. ಬ್ರಯಾನ್ ಹಬಾನಾ, ಮ್ಯಾಟ್‌ಫೀಲ್ಡ್, ಶಾಲ್ಕ್ ಬರ್ಗರ್, ನಾಯಕ ಜೀನ್ ಡಿ ವಿಲಿಯರ್ಸ್ ಸೇರಿ ಅಂದು ಕಣಕ್ಕಿಳಿದ ಹದಿನೈದು ಜನರ ಅಂತರರಾಷ್ಟ್ರೀಯ ಪಂದ್ಯಗಳ ಒಟ್ಟು ಮೊತ್ತ 851. ಅಷ್ಟು ಅನುಭವದ ತಂಡವನ್ನು ಆ ದೇಶ ಅದುವರೆಗೆ ಇಳಿಸಿರಲಿಲ್ಲ. ತಂಡದ ನಿಜವಾದ ಬಿರುಕು ಬೇರೆ ಕಡೆಯಿತ್ತು. ಹಿಂದಿನ ತಿಂಗಳುಗಳಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಸೋತದ್ದಲ್ಲದೆ, ಆಗಸ್ಟ್ 8ರಂದು ಡರ್ಬನ್‌ನಲ್ಲಿ ಅರ್ಜೆಂಟೀನಾಗೆ ಇತಿಹಾಸದಲ್ಲೇ ಮೊದಲ ಬಾರಿಗೆ ಮಣಿದಿತ್ತು. ಕೋಚ್ ಹೈನೆಕೆ ಮೇಯರ್ ನಂಬಿಕೆಯ ಹಳಬರನ್ನೇ ನೆಚ್ಚಿಕೊಂಡರು. ಅನುಭವ ಬೇಕಾದಷ್ಟಿತ್ತು, ಓಟ ಕಡಿಮೆಯಿತ್ತು.

ಮೊದಲಾರ್ಧದ ಮೂರೂ ಟ್ರೈಗಳು ಬಂದದ್ದು ಒಂದೇ ಬಗೆಯಲ್ಲಿ: ಲೈನ್‌ಔಟ್‌ನಲ್ಲಿ ಚೆಂಡು ಹಿಡಿದವನ ಸುತ್ತ ಫಾರ್ವರ್ಡ್‌ಗಳು ಗುಂಪುಗೂಡಿ, ನಿಂತಲ್ಲಿಂದಲೇ ಎದುರಾಳಿಯನ್ನು ಗೆರೆಯಾಚೆಗೆ ನೂಕುವ ‘ಮಾಲ್’. ದಕ್ಷಿಣ ಆಫ್ರಿಕಾದ ಫ್ರಾಂಸ್ವಾ ಲೋ ಮತ್ತು ಬಿಸ್ಮಾರ್ಕ್ ಡು ಪ್ಲೆಸಿ ಹಾಗೆ ಗಳಿಸಿದರು. ಅದು ಅವರ ಮನೆತನದ ಕಸುಬು. ಆದರೆ ಆ ಎರಡರ ನಡುವೆ, 29ನೇ ನಿಮಿಷದಲ್ಲಿ, ಜಪಾನ್ ಕೂಡ ಅದೇ ಮಾಲ್‌ನಿಂದ ಸ್ಪ್ರಿಂಗ್‌ಬಾಕ್ಸ್ (ದಕ್ಷಿಣ ಆಫ್ರಿಕಾ ತಂಡದ ಅಡ್ಡಹೆಸರು) ಮುಂಪಡೆಯನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ ಲೀಚ್ ಮೂಲಕ ಟ್ರೈ ಗಳಿಸಿತು. ನನ್ನ ಮಟ್ಟಿಗೆ ಪಂದ್ಯದ ಗತಿ ಮೊದಲು ತಿರುಗಿದ್ದು ಅಲ್ಲಿ. ವಿರಾಮಕ್ಕೆ 12-10ರಿಂದ ದಕ್ಷಿಣ ಆಫ್ರಿಕಾ ಮುಂದಿತ್ತು ನಿಜ, ಆದರೆ ತಳ್ಳಾಟದಲ್ಲಿ ತಾವೇ ದೊರೆಗಳು ಎಂಬ ಭರವಸೆ ಅವರಿಂದ ಕೈಬಿಟ್ಟಿತ್ತು.

ಎರಡನೆಯ ಅರ್ಧದಲ್ಲಿ ಅಂಕಗಳು ಹಾವು ಏಣಿಯಂತೆ ಸಾಗಿದವು. ಡಿ ಯಾಗರ್ ನಡುವೆ ನುಗ್ಗಿ ಟ್ರೈ ಹೊಡೆದರೆ ಗೊರೊಮಾರು ಒಂದರ ಹಿಂದೊಂದು ಪೆನಾಲ್ಟಿ ಒದ್ದು ಸಮ ಮಾಡಿದರು, 19-19, 22-22. ಬದಲಿ ಹುಕರ್ ಆಡ್ರಿಯಾನ್ ಸ್ಟ್ರಾಸ್ ಟ್ಯಾಕಲ್‌ಗಳನ್ನು ಸೀಳಿಕೊಂಡು ಹೋಗಿ 29-22 ಮಾಡಿದಾಗ, ಕ್ರೀಡಾಂಗಣದಲ್ಲಿದ್ದ 29,290 ಜನರಲ್ಲಿ ಬಹುತೇಕರು ಇಷ್ಟು ಹೊತ್ತು ಚೆನ್ನಾಗಿ ಆಡಿದರು, ಇನ್ನು ಸಾಕು ಎಂದುಕೊಂಡಿರಬೇಕು. 68ನೇ ನಿಮಿಷದಲ್ಲಿ ಉತ್ತರ ಬಂತು. ಲೈನ್‌ಔಟ್‌ನಿಂದ ಹೊರಟ ಚೆಂಡು ಅಭ್ಯಾಸದಲ್ಲಿ ನೂರಾರು ಸಲ ತಿದ್ದಿದ ನಡೆಯಂತೆ ಕೈಯಿಂದ ಕೈಗೆ ಹರಿದು ಕೊತಾರೊ ಮಾತ್ಸುಶಿಮಾಗೆ ತಲುಪಿತು. ಅವರು ಬಿರುಕಿನಲ್ಲಿ ಓಡಿ ಕೊನೆಯ ಪಾಸ್ ಕೊಟ್ಟದ್ದು ಗೊರೊಮಾರುಗೆ. ಆ ಪಾಸ್ ಕೊಟ್ಟ ಮಾತ್ಸುಶಿಮಾ ಹುಟ್ಟಿದ್ದು ಪ್ರಿಟೋರಿಯಾದಲ್ಲಿ. ಟ್ರೈ ನಂತರ ಕಂಬಗಳ ನಡುವೆ ಒದ್ದು ಎರಡು ಅಂಕ ಪಡೆಯುವ ಕನ್ವರ್ಶನ್ ಅನ್ನೂ ಗೊರೊಮಾರು ತಾವೇ ಒದ್ದರು, 29-29.

ಮೂರು ಅಂಕಗಳ ಎರಡು ತೀರ್ಮಾನಗಳು

72ನೇ ನಿಮಿಷದ ಹೊತ್ತಿಗೆ ದಕ್ಷಿಣ ಆಫ್ರಿಕಾಗೆ ಜಪಾನಿನ ಗೆರೆಯ ಬಳಿ, ಕಂಬಗಳ ನೇರದಲ್ಲೇ ಪೆನಾಲ್ಟಿ ಸಿಕ್ಕಿತು. ಮೂಲೆಗೆ ಒದ್ದು ಮಾಲ್ ಕಟ್ಟಬಹುದಿತ್ತು, ಸ್ಕ್ರಮ್ ಕೇಳಬಹುದಿತ್ತು. ಟ್ರೈ ಬಿದ್ದಿದ್ದರೆ ಜಪಾನಿಗೆ ಏಳು ಅಂಕಗಳ ಹೊರೆ. ಅವರು ಕಂಬಕ್ಕೆ ಒದೆಯಲು ನಿರ್ಧರಿಸಿದರು. ಪ್ರೇಕ್ಷಕರು ಹೋ ಎಂದು ಗೇಲಿ ಮಾಡಿದರು. ಹಾಂಡ್ರೆ ಪೊಲಾರ್ಡ್ ಒದ್ದರು, 32-29 ಆಯಿತು.

ಲೆಕ್ಕದ ಪ್ರಕಾರ ಅದು ತಪ್ಪು ತೀರ್ಮಾನವೆಂದು ಹೇಳಲಾಗದು. ಎಂಟು ನಿಮಿಷ ಉಳಿದಿರುವಾಗ ಮುನ್ನಡೆ ಮುನ್ನಡೆಯೇ. ಆದರೆ ಅದರಲ್ಲಿ ಎದುರಾಳಿಗೆ ತಲುಪಿದ ಸಂದೇಶ ಬೇರೆಯಿತ್ತು. ಎರಡು ಬಾರಿಯ ವಿಶ್ವವಿಜೇತರು, ಗೋಲ್ ಗೆರೆ ಕೈಗೆಟಕುವ ದೂರದಲ್ಲಿದ್ದಾಗ, ಜಪಾನಿನ ಮುಂಪಡೆಯೊಡನೆ ಇನ್ನೊಂದು ಸುತ್ತಿನ ತಳ್ಳಾಟಕ್ಕೆ ಹಿಂಜರಿದರು. ಬಲದಿಂದ ನಮ್ಮನ್ನು ಮಣಿಸಬಲ್ಲೆವೆಂಬ ನಂಬಿಕೆ ಅವರಿಗೇ ಉಳಿದಿಲ್ಲ ಎಂದು ಕೆಂಪು ಬಿಳಿ ಪಟ್ಟೆಯ ಜೆರ್ಸಿಯವರು ಓದಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಉಳಿದ ನಿಮಿಷಗಳಲ್ಲಿ ಜಪಾನ್ ಚೆಂಡನ್ನು ಬಿಟ್ಟುಕೊಡದೆ ಎದುರಾಳಿಯ ಗೆರೆಯ ಬಳಿಯೇ ಬೀಡುಬಿಟ್ಟಿತು. ದಕ್ಷಿಣ ಆಫ್ರಿಕಾದ ಬದಲಿ ಪ್ರಾಪ್ ಕೂನಿ ಔಸ್ತ್‌ಹೈಜನ್ ಹಳದಿ ಕಾರ್ಡ್ ಪಡೆದು ಹೊರನಡೆದದ್ದರಿಂದ ಅವರ ಬಳಿ ಹದಿನಾಲ್ಕೇ ಜನ ಉಳಿದರು. ಜಪಾನಿನ ಒಂದು ಮಾಲ್ ಗೆರೆಯನ್ನು ದಾಟಿತಾದರೂ ದೇಹಗಳ ರಾಶಿಯಡಿ ಚೆಂಡು ನೆಲ ಮುಟ್ಟಿತೇ ಎಂಬುದು ವಿಡಿಯೋದಲ್ಲಿಯೂ ಕಾಣಲಿಲ್ಲ, ಟ್ರೈ ಸಿಗಲಿಲ್ಲ. ಆಮೇಲೆ ಬಂದದ್ದು ಆರಂಭದಲ್ಲಿ ಹೇಳಿದ ಪೆನಾಲ್ಟಿ.

ಲೀಚ್ ಹುಟ್ಟಿದ್ದು ನ್ಯೂಜಿಲೆಂಡಿನಲ್ಲಿ, ತಾಯಿ ಫಿಜಿಯವರು. ಹದಿನೈದನೇ ವಯಸ್ಸಿನಲ್ಲಿ ಜಪಾನಿನ ಸಪ್ಪೊರೊ ನಗರದ ಶಾಲೆಗೆ ಓದಲು ಬಂದ ಹುಡುಗ ಅಲ್ಲೇ ನೆಲೆನಿಂತು ದೇಶದ ನಾಯಕನಾದವರು. ಪಂದ್ಯದ ದಿನ ಬೆಳಿಗ್ಗೆ ಅವರೊಡನೆ ಕಾಫಿಗೆ ಕೂತಾಗ, ಕಳೆದುಕೊಳ್ಳುವುದು ಏನೂ ಇಲ್ಲವಾದ್ದರಿಂದ ನಿನಗೆ ಸರಿ ಕಂಡರೆ ಮುನ್ನುಗ್ಗು ಎಂಬ ಅರ್ಥದ ಮಾತನ್ನು ಹೇಳಿದ್ದಾಗಿ ಜೋನ್ಸ್ ನೆನಪಿಸಿಕೊಂಡಿದ್ದಾರೆ. ಸಂಜೆಗೆ ಅದೇ ಕೋಚ್ ಅಂಜಿ ಮೂರು ಅಂಕ ಸಾಕೆಂದು ಕೂಗಿದ್ದು ಮನುಷ್ಯ ಸಹಜ. ಹಿರಿಯರ ಮಾತಿಗೆ ಎದುರಾಡದ ಶಿಸ್ತು ಜಪಾನಿನ ಕ್ರೀಡೆಯಲ್ಲಿ ಆಳವಾಗಿ ಬೇರೂರಿದೆ. ಅಂಗಳದಲ್ಲಿ ತಾವೇ ಯೋಚಿಸಿ ನಿರ್ಧರಿಸುವ ಆಟಗಾರರು ಬೇಕೆಂದು ನಾಲ್ಕು ವರ್ಷ ಪಟ್ಟು ಹಿಡಿದಿದ್ದವರು ಜೋನ್ಸ್ ಅವರೇ. ಆ ಪಾಠ ನಿಜವಾಗಿ ತಲೆಗೆ ಹತ್ತಿತ್ತು ಎನ್ನುವುದಕ್ಕೆ ಒಡೆದ ವಾಕಿಟಾಕಿಗಿಂತ ಬೇರೆ ಪುರಾವೆ ಬೇಕಿಲ್ಲ.

ರೆಫರಿ ಜೆರೋಮ್ ಗಾರ್ಸೆಸ್ ಸ್ಕ್ರಮ್ ಕಟ್ಟಿಸಿದಾಗ ಎಂಬತ್ತು ನಿಮಿಷಗಳು ಮುಗಿದಿದ್ದವು. ರಗ್ಬಿಯಲ್ಲಿ ಚೆಂಡು ಆಟದಿಂದ ಹೊರಹೋಗುವವರೆಗೆ ಶಿಳ್ಳೆ ಊದುವುದಿಲ್ಲ. ಜಪಾನಿನ ಎಂಟು ಜನ ಜಗ್ಗಲಿಲ್ಲ. ಚೆಂಡು ಹೊರಬಂದು ಮೊದಲು ಬಲಗಡೆಗೆ ಸಾಗಿತು. ಲೀಚ್ ಅವರೇ ಆ ಮೂಲೆಯಲ್ಲಿ ನುಗ್ಗಿ ತಡೆಯಲ್ಪಟ್ಟರು. ರಕ್ಷಣೆ ಅತ್ತ ಸೆಳೆಯಲ್ಪಟ್ಟ ಕ್ಷಣದಲ್ಲೇ ಚೆಂಡು ಎಡಕ್ಕೆ ತಿರುಗಿತು. ಹಾರುಮಿಚಿ ತತೆಕಾವಾ ನಡುವಿನವರನ್ನು ದಾಟಿಸಿ ಉದ್ದಕ್ಕೆ ಎಸೆದ ಪಾಸ್ ಅಮನಾಕಿ ಮಾಫಿಗೆ ಸಿಕ್ಕಿತು. ಮಾಫಿ ಎದುರಿಗೆ ಬಂದ ಜೆಸ್ಸಿ ಕ್ರೀಲ್‌ರನ್ನು ಅಂಗೈಯಿಂದ ತಳ್ಳಿ ಇನ್ನೂ ಹೊರಕ್ಕೆ ಕೊಟ್ಟರು. ಅಲ್ಲಿದ್ದವರು ಸ್ವಲ್ಪ ಹೊತ್ತಿಗೆ ಮುಂಚೆಯಷ್ಟೇ ಬದಲಿಯಾಗಿ ಬಂದಿದ್ದ ಕಾರ್ನ್ ಹೆಸ್ಕೆತ್. ಅವರು ಎಡಮೂಲೆಯಲ್ಲಿ ಜಾರುತ್ತಾ ಚೆಂಡನ್ನು ನೆಲಕ್ಕೊತ್ತಿದಾಗ 84ನೇ ನಿಮಿಷ ನಡೆಯುತ್ತಿತ್ತು. 34-32. ಗೊರೊಮಾರು ಕೊನೆಯ ಕನ್ವರ್ಶನ್ ತಪ್ಪಿದರು, ಯಾರೂ ಗಮನಿಸಲಿಲ್ಲ. ತಂಡದ 34ರಲ್ಲಿ 24 ಅಂಕ ಆಗಲೇ ಅವರದಾಗಿತ್ತು.

ತಂಡದಲ್ಲಿ ಹೊರದೇಶದಲ್ಲಿ ಹುಟ್ಟಿದವರು ಹಲವರಿದ್ದುದನ್ನು ಎತ್ತಿ, ಇದು ಜಪಾನಿನ ಗೆಲುವೇ ಎಂದು ಕೇಳಿದವರೂ ಇದ್ದರು. ವಾಸದ ಆಧಾರದ ಮೇಲೆ ಆಡಲು ಬಿಡುವ ನಿಯಮ ಎಲ್ಲ ದೇಶಗಳಿಗೂ ಒಂದೇ ಆಗಿತ್ತು. ಅದಿರಲಿ, 166 ಸೆಂಟಿಮೀಟರ್ ಎತ್ತರದ ಸ್ಕ್ರಮ್‌ಹಾಫ್ ಫುಮಿಯಾಕಿ ತನಾಕಾ ಕ್ಯೋಟೋದವರು; ಅಂದು ಅವರ ಪಾಸ್‌ಗಳ ವೇಗಕ್ಕೆ ದಕ್ಷಿಣ ಆಫ್ರಿಕಾದ ರಕ್ಷಣೆ ಸಾಲುಗೂಡಲು ಪರದಾಡಿತ್ತು.

ಆಮೇಲೆ

ಮೇಯರ್ ತಮ್ಮ ದೇಶದ ಕ್ಷಮೆ ಕೇಳಿದರು. ಜಪಾನಿನಲ್ಲಿ ಆಗ ನಡುರಾತ್ರಿ ಕಳೆದಿತ್ತು, ಎಚ್ಚರವಿದ್ದವರು ಕಡಿಮೆ. ಎರಡು ವಾರಗಳ ನಂತರ ಸಮೋವಾ ವಿರುದ್ಧದ ಪಂದ್ಯವನ್ನು ಆ ದೇಶದಲ್ಲಿ ಟಿವಿಯಲ್ಲಿ ನೋಡಿದವರ ಸಂಖ್ಯೆ 2.5 ಕೋಟಿ ಮುಟ್ಟಿತು.

ಆದರೆ ಅಂಕಪಟ್ಟಿಗೆ ದಯೆ ಇರಲಿಲ್ಲ. ನಾಲ್ಕೇ ದಿನಗಳ ಅಂತರದಲ್ಲಿ, ಇನ್ನೂ ಒಂದು ಪಂದ್ಯವನ್ನೂ ಆಡದೆ ತಾಜಾ ಆಗಿದ್ದ ಸ್ಕಾಟ್ಲೆಂಡ್ ಎದುರು ಇಳಿದ ಜಪಾನ್ 45-10ರಿಂದ ಸೋತಿತು. ಸಮೋವಾ ಮತ್ತು ಅಮೆರಿಕವನ್ನು ಸೋಲಿಸಿ 12 ಅಂಕ ಗಳಿಸಿದರೂ ದಕ್ಷಿಣ ಆಫ್ರಿಕಾ 16, ಸ್ಕಾಟ್ಲೆಂಡ್ 14 ಅಂಕಗಳೊಂದಿಗೆ ಮುಂದೆ ಹೋದವು. ಗುಂಪಿನಲ್ಲಿ ಮೂರು ಗೆಲುವು ಪಡೆದೂ ಕ್ವಾರ್ಟರ್ ಫೈನಲ್ ತಲುಪದ ಮೊದಲ ತಂಡ ಜಪಾನ್ ಆಯಿತು. ನಾಲ್ಕು ಟ್ರೈ ಹೊಡೆದದ್ದಕ್ಕೆ ಒಂದು, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತದ್ದಕ್ಕೆ ಒಂದು ಎಂದು ಬ್ರೈಟನ್ನಿನ ಸೋಲಿನಿಂದಲೂ ದಕ್ಷಿಣ ಆಫ್ರಿಕಾ ಎರಡು ಅಂಕ ಕಟ್ಟಿಕೊಂಡು ಹೋಗಿತ್ತು. ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ: ಉಳಿದ ಫಲಿತಾಂಶಗಳು ಹಾಗೆಯೇ ಇದ್ದು, ಲೀಚ್ ಕಂಬಕ್ಕೆ ಒದೆಸಿ ಡ್ರಾ ಮಾಡಿಕೊಂಡಿದ್ದರೆ ಜಪಾನಿಗೆ 10 ಅಂಕ, ಸ್ಕ್ರಮ್ ಕೇಳಿ ಚೆಂಡು ಕಳೆದುಕೊಂಡಿದ್ದರೆ 9. ಮೂರು ಬಗೆಯಲ್ಲೂ ಜಪಾನಿನ ಸ್ಥಾನ ಮೂರನೆಯದೇ. ಆ ಅಪಾಯದಿಂದ ಪಟ್ಟಿಯಲ್ಲಿ ಒಂದು ಮೆಟ್ಟಿಲೂ ಏರಲಿಲ್ಲ.

ಜೋನ್ಸ್ ವಿಶ್ವಕಪ್ ಮುಗಿದೊಡನೆ ಹೊರಟು, ವರ್ಷ ಮುಗಿಯುವ ಮೊದಲೇ ಇಂಗ್ಲೆಂಡಿನ ಕೋಚ್ ಆದರು. 2019ರ ವಿಶ್ವಕಪ್ ಜಪಾನಿನಲ್ಲೇ ನಡೆಯಿತು. ಲೀಚ್ ನಾಯಕತ್ವದ ತಂಡ ಐರ್ಲೆಂಡನ್ನು 19-12ರಿಂದಲೂ, ನಾಲ್ಕು ವರ್ಷದ ಹಳೆಯ ಬಾಕಿ ಇದ್ದ ಸ್ಕಾಟ್ಲೆಂಡನ್ನು 28-21ರಿಂದಲೂ ಸೋಲಿಸಿ, ಗುಂಪಿನ ಎಲ್ಲ ಪಂದ್ಯ ಗೆದ್ದು ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು. ಅಕ್ಟೋಬರ್ 20ರಂದು ಟೋಕಿಯೋದಲ್ಲಿ ಎದುರಿಗೆ ಬಂದದ್ದು ದಕ್ಷಿಣ ಆಫ್ರಿಕಾ. ಬ್ರೈಟನ್ನಿನಲ್ಲಿ ಆಡಿದ್ದ ಪೊಲಾರ್ಡ್, ಡಿ ಯಾಗರ್, ಪೀಟರ್ ಸ್ಟೆಫ್ ಡು ಟೊಯ್ಟ್ ಅಂದೂ ಇದ್ದರು. ವಿರಾಮಕ್ಕೆ 5-3ರ ಅಂತರವಷ್ಟೇ ಇತ್ತು. ಎರಡನೆಯ ಅರ್ಧದಲ್ಲಿ ಸ್ಪ್ರಿಂಗ್‌ಬಾಕ್ಸ್ ಮುಂಪಡೆ ಲೈನ್‌ಔಟ್‌ನಿಂದ ಮಾಲ್ ಕಟ್ಟಿ, ಜಪಾನಿನವರನ್ನು ಅಂಗಳದ ನಡುವಿನಿಂದ ಗೆರೆಯ ಹತ್ತಿರದವರೆಗೆ ಒಂದೇ ಉಸಿರಿಗೆಂಬಂತೆ ನೂಕಿಕೊಂಡು ಹೋಯಿತು. ಫಾಫ್ ಡಿ ಕ್ಲೆರ್ಕ್ ಟ್ರೈ ಮುಗಿಸಿದರು. ಅಂತಿಮ ಅಂಕ 26-3.